ದೇವರ ಜಗಲಿಯ ಮೇಲಿಟ್ಟ ಗುಳಿಗೆ

ರಕ್ತದ ಕ್ಯಾನ್ಸರಿಗೆ ಔಷಧಿ ಕೊಟ್ಟ ಮೇಲೆ ನನ್ನ ಗಂಡನ ಮೈಯಲ್ಲಿ ಬಿಳಿ ರಕ್ತಕಣಗಳೇ ಉಳಿದಿರಲಿಲ್ಲ. ಉದ್ಯಮಬಾಗದ ಫೌಂಡ್ರಿಯಲ್ಲಿ ಕಾದ ಕಬ್ಬಿಣದ ಎದುರು ನಿಂತು ದುಡಿದವರು ಬೆಳಗಾವಿಯ ಆಸ್ಪತ್ರೆಯಲ್ಲಿ ಜ್ವರಕ್ಕೆ ಬೇಯುತ್ತಿದ್ದರು. ಯಾವ ಇಂಜೆಕ್ಷನ್ನಿಗೂ ಸೋಂಕು ಬಗ್ಗಲಿಲ್ಲ. ಬೇರೆಯವರ ಬಿಳಿ ಕಣ ಕೊಟ್ಟು ನೋಡುವುದೊಂದೇ ಉಳಿದ ದಾರಿ. ರಕ್ತದ ಗುಂಪು ಹೊಂದಿದ್ದು ಖಾನಾಪುರದಲ್ಲಿರುವ ನನ್ನ ಅಣ್ಣನದು.

ಡಾಕ್ಟರು ಅವನನ್ನು ಕರೆಸಿ ಸ್ಟಿರಾಯ್ಡ್ ಗುಳಿಗೆ ಕೊಟ್ಟರು. "ಮೂತ್ರಪಿಂಡದ ಮ್ಯಾಲಿನ ಗ್ರಂಥಿಯೊಳಗ ಹುಟ್ಟೂ ರಸದಂಥಾದ್ದ ಇದು. ಬಿಳಿ ಕಣ ಎಷ್ಟೋ ರಕ್ತನಾಳದ ಗ್ವಾಡಿಗೆ ಅಂಟಿಕೊಂಡ ಕುಂತಿರತಾವ. ಇದು ಅವನ್ನ ಎಬ್ಬಿಸಿ ರಕ್ತದಾಗ ತರತೈತಿ. ಅಂದ್ರನ ನಾಳೆ ಕಣ ತಗಿಯೂ ಮಷೀನಿಗೆ ಸಾಕಷ್ಟು ಸಿಗತಾವ. ರಾತ್ರಿ ಉಂಡ ಮ್ಯಾಲೆ ತಗೋರಿ. ನಿದ್ದಿ ಬರಲಿಕ್ಕಿಲ್ಲ, ಅಂಜಬ್ಯಾಡ್ರಿ" ಎಂದರು.

ಊರಿಗೆ ಹೋದ ಅಣ್ಣ ಮರುದಿನ ಮೊದಲ ಬಸ್ಸಿಗೇ ಬಂದ. ರಕ್ತ ತೆಗೆದು ನೋಡಿದರೆ ಕಣ ಏರಿಯೇ ಇರಲಿಲ್ಲ.

"ಅಣ್ಣಾ, ಗುಳಿಗಿ ತಗೊಂಡಿ ಹೌದಲ್ಲ?"

"ಖರೇನ ತಗೊಂಡೇನಿ ತಂಗಿ. ರಾತ್ರಿ ದೇವರ ಜಗಲಿ ಮ್ಯಾಲ ಇಟ್ಟಿದ್ದೆ. ಮುಂಜಾನೆ ಲಿಂಗಪೂಜಿ ಮಾಡಿ, ತೀರ್ಥದಾಗ ನುಂಗಿ ಬಂದೆ. ದೇವರ ಮುಂದಿಟ್ಟದ್ದು ಹೆಚ್ಚಿಗಿ ಕೆಲಸ ಮಾಡತೈತಿ ಅಂತ."

ಬಸ್ ಪಾಸನ್ನೂ ಜಗಲಿಗೆ ತೋರಿಸಿಯೇ ಜೇಬಿಗೆ ಹಾಕುವವನು ಅವನು. ಚಿಕ್ಕಂದಿನಿಂದ ಅದಕ್ಕೇ ಅವನನ್ನು ಕಾಡಿಸಿ ನಕ್ಕವಳು ನಾನು. ಅವತ್ತು ಮಾತ್ರ ಆ ಜಗಲಿಯನ್ನೇ ಒಡೆದು ಹಾಕಬೇಕೆನ್ನಿಸಿತು.

"ಗುಳಿಗಿ ಹತ್ತಲಿಕ್ಕೆ ಹತ್ತು ಹನ್ನೆರಡು ತಾಸ ಬೇಕು, ಸಂಜೀಮಟಾ ಕಾಯೂಣು. ಅಷ್ಟೊತ್ತಿಗೆ ಏರತಾವ" ಎಂದರು ಡಾಕ್ಟರು.

ಕಾದೆವು. ಬೆಂಚಿನ ಮೇಲೆ ಕುಳಿತ ಅಣ್ಣ ಸುಮ್ಮನೆ ತೋಳು ಉಜ್ಜಿಕೊಳ್ಳುತ್ತಿದ್ದ, ಉಜ್ಜಿದರೆ ಕಣ ಬೇಗ ಏಳುತ್ತವೇನೋ ಎಂಬಂತೆ. ಬೈಯಲೂ ಆಗದೆ ಅಳಲೂ ಆಗದೆ ನಾನು ಐಸಿಯು ಬಾಗಿಲನ್ನೇ ನೋಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಧೈರ್ಯವೆಲ್ಲ ಸೋರಿಹೋಗಿ, ಒಡೆಯಬೇಕೆಂದಿದ್ದ ಜಗಲಿಗೇ ಮನಸ್ಸಿನಲ್ಲಿ ಕೈ ಮುಗಿದೆ.

ಸಂಜೆಗೆ ಅಣ್ಣನ ಕಣ ಏರಿದ್ದವು, ಬೇಕಾದ್ದಕ್ಕಿಂತ ಹೆಚ್ಚೇ. ಅವನನ್ನು ಮಷೀನಿನ ಪಕ್ಕ ಮಲಗಿಸಿ, ಸೂಜಿ ಚುಚ್ಚಲು ತೋಳಿಗೆ ಪಟ್ಟಿ ಕಟ್ಟಿದ್ದರು. ಅಷ್ಟರಲ್ಲಿ ಐಸಿಯುನಿಂದ ಬಂದ ನರ್ಸ್ ಆ ಪಟ್ಟಿ ಬಿಚ್ಚಿದಳು. ನನ್ನ ಗಂಡ ತೀರಿಕೊಂಡಿದ್ದರು.

ಬೆಳಿಗ್ಗೆಯೇ ಕೊಟ್ಟಿದ್ದರೆ ಉಳಿಯುತ್ತಿದ್ದರೆಂದು ಡಾಕ್ಟರು ಹೇಳಲಿಲ್ಲ. ಉಳಿಯುತ್ತಿರಲಿಲ್ಲ ಎಂದೂ ಹೇಳಲಿಲ್ಲ.

ಆ ರಾತ್ರಿ ಅನಗೋಳದ ನಮ್ಮ ಮನೆಯಲ್ಲಿ ಅಣ್ಣ ಕಣ್ಣು ಮುಚ್ಚಲಿಲ್ಲ. "ಅದು ಗುಳಿಗೀದು ಅಣ್ಣಾ, ಡಾಕ್ಟರ್ ಹೇಳಿದ್ರಲ್ಲ" ಎಂದೆ.

ವರ್ಷವಾಯಿತು. ಈಗಲೂ ಖಾನಾಪುರದಿಂದ ಫೋನ್ ಮಾಡಿ, ನಿದ್ದಿ ಬರವಲ್ದು ತಂಗಿ, ಅನ್ನುತ್ತಾನೆ. ಈಗಲೂ ನಾನು, ಅದು ಗುಳಿಗೀದು ಅಣ್ಣಾ, ಅನ್ನುತ್ತೇನೆ.