ಅತ್ತೆಯ ಗಂಟಲಲ್ಲಿದ್ದ ಮುದುಕಿ

ಎಪ್ಪತ್ತರ ದಶಕದ ಆ ದಿನಗಳಲ್ಲಿ ಶಹಾಪುರದ ನಮ್ಮ ಓಣಿಯಲ್ಲಿ ಮಗ್ಗದ ಸದ್ದು ನಿಂತಿತೆಂದರೆ ಎರಡೇ ಕಾರಣ. ಯಾರೋ ತೀರಿಕೊಂಡಿರಬೇಕು, ಇಲ್ಲವೇ ರೇಡಿಯೋದಲ್ಲಿ ನಮ್ಮ ರತ್ನತ್ತೆಯ ನಾಟಕವಿರಬೇಕು. ನಾಟಕದ ಸಂಜೆ ಅಪ್ಪ ಮಗ್ಗ ಬಿಟ್ಟು ಎದ್ದು ಬಂದು ರೇಡಿಯೋವನ್ನು ಕಿಟಕಿಯಲ್ಲಿ ಇಡುತ್ತಿದ್ದ. ನಾವು ಹುಡುಗಿಯರು ಕುಂಟಾಟ ಬಿಟ್ಟು, ಉಡಿಯಲ್ಲಿ ಚುರುಮರಿ ಹಾಕಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದೆವು. ಒಳಗಿನಿಂದ ನೂಲಿನ ಗಂಜಿಯ ಹುಳಿ ವಾಸನೆ ಬರುತ್ತಿತ್ತು.

ರತ್ನತ್ತೆ ಅಪ್ಪನ ತಂಗಿ. ಖಾನಾಪುರಕ್ಕೆ ಕೊಟ್ಟಿದ್ದರು. ಗಂಡ ಹೋದ ಮೇಲೆ ಆ ಮನೆಯವರು ಮಗಳು ಕುಸುಮಳನ್ನು ಇಟ್ಟುಕೊಂಡು, ಆಕೆಯನ್ನು ತವರಿಗೆ ಕಳಿಸಿದ್ದರು. ತಿಂಗಳಿಗೊಂದು ರವಿವಾರ ಮಗಳನ್ನು ನೋಡಿ ಬರಲು ಒಪ್ಪಿಗೆಯಿತ್ತು. ಅತ್ತೆಗೆ ಆಗಿನ್ನೂ ಮೂವತ್ತಮೂರು, ಆದರೆ ಧ್ವನಿ ಮಾತ್ರ ಒರಟು. ಯಾರೋ ಹೇಳಿದರೆಂದು ಧಾರವಾಡದ ರೇಡಿಯೋ ಕೇಂದ್ರಕ್ಕೆ ಹೋಗಿ ಧ್ವನಿ ಪರೀಕ್ಷೆ ಕೊಟ್ಟು ಬಂದವಳು, "ಮುದುಕಿ ಪಾತ್ರಕ್ಕ ತಗೊಂಡ್ರವಾ" ಎಂದು ನಕ್ಕಿದ್ದಳು. ಅಲ್ಲಿಂದ ಮುಂದೆ ಬರೀ ಮುದುಕಿಯರೇ. ಸೂಲಗಿತ್ತಿ, ಭಿಕ್ಷುಕಿ, ಜಗಳಗಂಟಿ ಅತ್ತೆ. ದವಡೆಯಲ್ಲಿ ಅಡಿಕೆ ಹೋಳೊಂದನ್ನು ಒತ್ತಿಟ್ಟುಕೊಂಡು, ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಲೇ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಹಾಳೆಯ ಸಪ್ಪಳ ಮೈಕಿಗೆ ಕೇಳಬಾರದೆಂದು, ಓದಿ ಮುಗಿದ ಹಾಳೆಯನ್ನು ಮೆಲ್ಲಗೆ ನೆಲಕ್ಕೆ ಬಿಡುವುದನ್ನು ನನಗೂ ಕಲಿಸಿದ್ದಳು.

ನನಗೆ ಹತ್ತು ವರ್ಷ. ದೀಪಾವಳಿ ಸೂಟಿ. ಸೊಸೆಯನ್ನು ಮನೆಯಿಂದ ಹೊರಹಾಕುವ ಅತ್ತೆಯ ಪಾತ್ರ ಆ ಸಲದ್ದು. ಹಿಂದಿನ ವಾರವೇ ಧಾರವಾಡದಲ್ಲಿ ಮುದ್ರಿಸಿಕೊಂಡಿದ್ದರಿಂದ ರತ್ನತ್ತೆಯೂ ನಮ್ಮ ಜೊತೆಗೇ ಕೂತಿದ್ದಳು. ರೇಡಿಯೋದಿಂದ ಮೊದಲ ಮಾತು ಬಂದದ್ದೇ ಅಪ್ಪ ಕೈಯಲ್ಲಿದ್ದ ಚಹಾ ಕೆಳಗಿಟ್ಟ.

"ರತ್ನಾ, ಇದು ಖಾನಾಪುರದ ನಿಮ್ಮ ಅತ್ತಿ ಧ್ವನಿ ಅಲ್ಲೇನ?"

ಅತ್ತೆ ಕಂಡಿಕೆ ಸುತ್ತುತ್ತಲೇ ಇದ್ದಳು.

ಮೂರನೆಯ ದಿನ ಆಕೆಯ ಮೈದುನ ಯಲ್ಲಪ್ಪ ಬಂದು ನಿಂತ. ನೀರು ಕೊಟ್ಟರೆ ಮುಟ್ಟಲಿಲ್ಲ.

"ರೇಡಿಯೋದಾಗ ತನ್ನ ಧ್ವನಿ ಕೇಳಿ ನಮ್ಮವ್ವ ಊಟಾ ಬಿಟ್ಟಾಳ್ರಿ ಅಣ್ಣಾರ. ಖಾನಾಪುರದ ಮಂದಿ ಎಲ್ಲಾ ನಗಾಕತ್ತೈತಿ. ರತ್ನಾ ವೈನಿ ಬಂದು ಕಾಲು ಹಿಡದು ತಪ್ಪಾತು ಅನ್ಲಿ. ರೇಡಿಯೋ ಬಿಡ್ಲಿ. ಇಲ್ಲಂದ್ರ ಕುಸುಮಾನ್ನ ನೋಡಾಕ ಬರೂದು ಬ್ಯಾಡ."

ಅವನು ಹೋದ ಮೇಲೆ ಅಪ್ಪ ಬೇಡಿಕೊಂಡ. "ಒಂದ ಮಾತು ಅಲ್ಲೇನವಾ, ಅಂದುಬಿಡು. ಮಗಳ ಸಲುವಾಗಿ."

"ನಾಳೆ ಹೋಗ್ತೇನಿ" ಎಂದಳು ಅತ್ತೆ.

ನನ್ನನ್ನೂ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ನಾನು ಕೇಳಿದೆ, "ತಪ್ಪಾತು ಅಂತೀಯೇನ ಅತ್ತಿ?"

"ಹೋಗ್ತೇನಿ ಅಂದೇನಿ. ಅಂತೇನಿ ಅಂದಿಲ್ಲ."

ಖಾನಾಪುರದ ಮನೆಯ ಪಡಸಾಲೆಯಲ್ಲಿ ಯಲ್ಲಪ್ಪನ ತಾಯಿ, ಆ ಮುದುಕಿ, ಗೋಡೆಗೆ ಒರಗಿ ಕೂತಿದ್ದಳು. ನೆರೆಮನೆಯ ಹೆಂಗಸರು ಬಾಗಿಲ ತನಕ ತುಂಬಿದ್ದರು. ಕುಸುಮ ಕಂಬದ ಹಿಂದೆ ನಿಂತಿದ್ದಳು, ನನ್ನ ವಯಸ್ಸಿನವಳೇ.

"ನನ್ನ ಧ್ವನಿ ಕದ್ದೀ" ಎಂದಳು ಮುದುಕಿ.

"ಕದ್ದಿಲ್ರಿ ಅತ್ತಿಯವರ. ಹನ್ನೊಂದು ವರ್ಷ ದಿನಾ ನನ್ನ ಕಿವ್ಯಾಗ ಹಾಕೀರಿ. ಕೊಟ್ಟದ್ದು ನನ್ನದಾತು."

"ತಪ್ಪಾತು ಅನ್ನು."

"ಅನ್ನಂಗಿಲ್ರಿ."

ಮುದುಕಿ ನೆಟ್ಟಗೆ ಕೂತಳು. "ಹಂಗಾರ ನನ್ನ ಮುಂದ ಒಂದ ಸಲ ಮಾತಾಡು. ಈ ಮಂದಿನೂ ಕೇಳ್ಲಿ."

ರತ್ನತ್ತೆ ಹೆದರಲಿ ಎಂದೇ ಮುದುಕಿ ಹಾಗೆ ಹೇಳಿದ್ದಳು. ಅತ್ತೆ ಸೆರಗು ಸರಿಪಡಿಸಿಕೊಂಡು ಕಣ್ಣು ಮುಚ್ಚಿ ತೆರೆದಳು. ಆಕೆ ಆಡಿದ್ದು ನಾಟಕದ ಮಾತಲ್ಲ.

"ನನ್ನ ಮಗನ್ನ ನುಂಗಿದಾಕಿಗೆ ಈ ಮನ್ಯಾಗ ತಾಟಿಲ್ಲ. ಕೂಸಿನ್ನ ಇಲ್ಲೆ ಬಿಟ್ಟು ನಡಿ. ಅವ್ವ ಬಿಟ್ಟು ಓಡಿಹೋದ್ಲಂತ ನಾ ಅದಕ್ಕ ಹೇಳ್ತೇನಿ."

ಅದೇ ಧ್ವನಿ, ಅದೇ ಕೆಮ್ಮು. ಗಂಡನ ತಿಥಿ ಮುಗಿದ ದಿನ ಅದೇ ಪಡಸಾಲೆಯಲ್ಲಿ ಮುದುಕಿ ಅತ್ತೆಗೆ ಆಡಿದ್ದ ಮಾತು. ಮುದುಕಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಬಾಗಿಲಲ್ಲಿದ್ದ ಹೆಂಗಸರು ನೆಲ ನೋಡಿದರು. "ಬರ್ತೇನ್ರಿ" ಎಂದು ಅತ್ತೆ ನನ್ನ ಕೈ ಹಿಡಿದು ಹೊರಬಿದ್ದಳು. ಬೀದಿಗೆ ಬಂದ ಮೇಲೆ ಒಂದು ಸಲ ತಿರುಗಿ ಆ ಬಾಗಿಲು ನೋಡಿದಳು. ಮಗಳು ಇನ್ನು ಕೈತಪ್ಪಿದಳೆಂದೇ ಆಕೆ ತಿಳಿದಿದ್ದಳು.

ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಕುಸುಮ ಬರಿಗಾಲಲ್ಲಿ ಓಡಿ ಬಂದಳು. ಏದುಸಿರು ಬಿಡುತ್ತ ಅವಳು ಕೇಳಿದ್ದು ಒಂದೇ.

"ನೀ ನನ್ನ ಬಿಟ್ಟು ಓಡಿಹೋಗಿಲ್ಲೇನ?"

"ಇಲ್ಲವಾ."

ಕುಸುಮ ಅತ್ತೆಯ ಸೊಂಟ ಅಪ್ಪಿಕೊಂಡಳು. ಅಷ್ಟರಲ್ಲಿ ಯಲ್ಲಪ್ಪ ಬಂದು ಅವಳ ತೋಳಿಗೆ ಕೈ ಹಾಕಿದ. ಅತ್ತೆ ಧ್ವನಿ ಎತ್ತರಿಸಲೇ ಇಲ್ಲ.

"ಎಳದು ನೋಡು ಯಲ್ಲಪ್ಪಾ. ಇಲ್ಲೆ ಎಲ್ಲಾರ ಮುಂದ ನಿಮ್ಮವ್ವನ ಧ್ವನ್ಯಾಗ ಒಂದೊಂದ ಮಾತೂ ಹೇಳ್ತೇನಿ. ನನಗ ಮೈಕ್ ಬೇಕಾಗಿಲ್ಲ."

ಯಲ್ಲಪ್ಪ ಸುತ್ತ ನಿಂತ ಜನರನ್ನು ನೋಡಿದ. ಕೈ ಬಿಟ್ಟ.

ಮೂವರೂ ಬಸ್ಸು ಹತ್ತಿದೆವು. ಪೀರನವಾಡಿ ದಾಟಿದ ಮೇಲೆ ಕುಸುಮ ಹಸಿವು ಎಂದಳು. ಅವಳು ಅಂದಿನಿಂದ ನಮ್ಮ ಮನೆಯಲ್ಲೇ ಬೆಳೆದಳು. ಖಾನಾಪುರದಿಂದ ಯಾರೂ ಕೇಳಲು ಬರಲಿಲ್ಲ. ಅತ್ತೆ ರೇಡಿಯೋ ಬಿಡಲಿಲ್ಲ. ಮುಂದಿನ ತಿಂಗಳೇ ಇನ್ನೊಬ್ಬ ಮುದುಕಿಯಾಗಿ ಕೆಮ್ಮಿದಳು, ಬೇರೆ ಧ್ವನಿಯಲ್ಲಿ.

ಎಂಬತ್ತರ ದಶಕದಲ್ಲಿ ಓಣಿಗೆ ಟಿವಿ ಬಂತು. ನಾಟಕಕ್ಕೆ ಕರೆಯುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ವರ್ಷಗಳು ಕಳೆದು ಅತ್ತೆಯ ತಲೆ ನರೆತ ಮೇಲೆ, "ಈಗ ಖರೇನ ಮುದುಕಿ ಆಗೀ, ಈಗರೆ ಕರೀಬೇಕಿತ್ತು" ಎಂದು ನಾನು ಮರುಗಿದರೆ, "ಅವರು ಕರೀಲಿಲ್ಲಂದ್ರ ನನ್ನ ಗಂಟಲಾ ಹೋತೇನ?" ಎಂದು ನನ್ನನ್ನೇ ಗದರಿದಳು.

ಈಗ ಅತ್ತೆ ಇಲ್ಲ, ಅಪ್ಪನ ಮಗ್ಗವೂ ಇಲ್ಲ. ನಮ್ಮ ಮನೆಗೆ ಟೇಪ್ ರೆಕಾರ್ಡರ್ ಬರುವ ಹೊತ್ತಿಗೆ ಆಕೆಯ ನಾಟಕಗಳು ಮುಗಿದಿದ್ದವು. ಅಷ್ಟು ಮುದುಕಿಯರಲ್ಲಿ ಒಬ್ಬಳ ಧ್ವನಿಯೂ ನಮ್ಮಲ್ಲಿ ಉಳಿದಿಲ್ಲ. ಉಳಿದದ್ದು ಕುಸುಮಳ ಮನೆಯಲ್ಲಿರುವ ಒಂದೇ ಫೋಟೋ. ಅದರಲ್ಲಿ ಅತ್ತೆ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ. ಅದು ರತ್ನತ್ತೆ ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ.