ದೊಡ್ಡಪ್ಪನ ಎದುರು ನಿಂತವನು

ನಾನು ಬಂದಿಳಿದ ದಿನ ಜಯನಗರದಲ್ಲಿ ರಸ್ತೆಗಳಿದ್ದವು, ಮನೆಗಳಿರಲಿಲ್ಲ. ರಾಗಿ ಹೊಲಗಳ ನಡುವೆ ಗೆರೆ ಎಳೆದಂಥ ದಾರಿಗಳು, ಮೂಲೆಗೊಂದು ನಂಬರಿನ ಕಲ್ಲು. ವಿಜಾಪುರದ ಕಡೆ ನಾನು ಹುಟ್ಟಿದ ಹಳ್ಳಿಯಲ್ಲಿ ವಿಳಾಸವೆಂದರೆ ಯಾರದೋ ಹೆಸರು. ಇಲ್ಲಿ ‘ಕ್ರಾಸು’, ಅಂದರೆ ಅಡ್ಡರಸ್ತೆ, ಅದಕ್ಕೊಂದು ಅಂಕಿ.

ಅಲ್ಲಿಗೆ ಹತ್ತಿರದ ಶಾಲೆಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಪಕ್ಕದ ಹಳ್ಳಿಯ ವೆಂಕಟಮ್ಮ ಎಂಬ ವಿಧವೆ ಒಂದು ಕೋಣೆ ಬಾಡಿಗೆಗೆ ಕೊಟ್ಟರು. ಜೋಳದ ರೊಟ್ಟಿಯ ಬಾಯಿಗೆ ರಾಗಿಮುದ್ದೆ ಒಗ್ಗಲಿಲ್ಲ; ಅಗಿಯದೆ ನುಂಗಬೇಕಂತೆ. ನಾನು ‘ಹೌದ್ರೀ’ ಅಂದರೆ ಕೇರಿಯ ಹೆಂಗಸರು ನಗುತ್ತಿದ್ದರು. ಭಾನುವಾರ ಮಾತಿಗೆ ಯಾರೂ ಇರುತ್ತಿರಲಿಲ್ಲ.

ಸರಿಸಮವಾಗಿ ಮಾತಾಡಿಸಿದವನು ವೆಂಕಟಮ್ಮನ ಮಗ ಕೃಷ್ಣಪ್ಪ. ಬಡಾವಣೆಗೆ ಹೊಲ ಬಿಟ್ಟುಕೊಟ್ಟ ಹಳ್ಳಿಗೆ ಒಂದು ನಲ್ಲಿಯೂ ಬರಲಿಲ್ಲ ಎಂಬ ಸಿಟ್ಟು ಅವನಿಗೆ. ಊರಿನ ಯಜಮಾನಿಕೆ, ಕಾರ್ಪೊರೇಷನ್ ಸದಸ್ಯತ್ವ ಎರಡೂ ಅವನ ದೊಡ್ಡಪ್ಪನ ಕೈಯಲ್ಲಿದ್ದವು. ಚುನಾವಣೆ ಬಂದಾಗ ಕೃಷ್ಣಪ್ಪ ಅವರ ಎದುರೇ ನಿಂತ.

“ಹಿರೀಕರು ಇರೋವಾಗ ನಿನಗ್ಯಾಕಪ್ಪ ಇದು?” ವೆಂಕಟಮ್ಮ ಅತ್ತರು.

“ಅವರು ಇರೋವರ್ಗೂ ನಾವು ಕಾಯ್ತಾನೇ ಇರ್ಬೇಕಾ ಅಮ್ಮ?”

ನನಗೂ ಅದು ಮೊದಲ ಓಟು. ಬಡಾವಣೆಯಲ್ಲಿ ಹೊಸದಾಗಿ ಮನೆ ಕಟ್ಟಿ ಬಂದ ಗುಮಾಸ್ತರು, ಹಳ್ಳಿಯ ಹುಡುಗರು, ನಾನು ಬೀದಿ ಬೀದಿ ಅಲೆದೆವು. ನಾನು ಬೆಳೆದ ಕಡೆ ಗೌಡರು ತೋರಿಸಿದ ಗುರುತಿಗೇ ಊರೆಲ್ಲ ಓಟು ಹಾಕುತ್ತಿತ್ತು. ಇಲ್ಲಿ ಹೆಣ್ಣುಮಗಳಾದ ನಾನೇ ಬಾಗಿಲು ತಟ್ಟಿ ಓಟು ಕೇಳುತ್ತಿದ್ದೆ. ಆ ದಿನಗಳಲ್ಲಿ ಯಾರೂ ನನ್ನ ಮಾತಿಗೆ ನಗಲಿಲ್ಲ.

ಕೃಷ್ಣಪ್ಪ ಸೋತ. ದೊಡ್ಡಪ್ಪ ತಮ್ಮ ಬಾವಿಯಲ್ಲಿ ಈ ಮನೆಯವರು ನೀರು ಸೇದಕೂಡದೆಂದರು. ವೆಂಕಟಮ್ಮ ಕೊಡ ಹೊತ್ತು ದೂರದ ಕೆರೆಗೆ ನಡೆದರು. ಕೆಲವು ವಾರಗಳ ಮೇಲೆ ಕೃಷ್ಣಪ್ಪ ಹಾರ ಹಿಡಿದು ಹೋಗಿ ದೊಡ್ಡಪ್ಪನ ಕಾಲಿಗೆ ಬಿದ್ದು ಬಂದ.

“ಮುಂದಿನ ಸಲ ಸೀಟು ನನಗೇ ಅಂತ ಮಾತು ಕೊಟ್ಟವ್ರೆ, ಟೀಚರ್.” ನನ್ನ ಮುಖ ನೋಡಲಿಲ್ಲ.

“ಮತ್ತ ನಮ್ಮನ್ನ ನಂಬಿ ಓಟು ಹಾಕಿದವರಿಗೆ ಏನು ಹೇಳೋಣ್ರೀ?”

“ನೀವು ಇವತ್ತು ಬಂದೋರು, ನಾಳೆ ಹೋಗ್ತೀರಿ. ನಾನು ಇಲ್ಲೇ ಬದುಕ್ಬೇಕು.”

ಮನೆ ಒಂದಾಯಿತೆಂದು ವೆಂಕಟಮ್ಮ ಒಬ್ಬಟ್ಟು ಮಾಡಿದರು. ನಮ್ಮ ಕಡೆಯ ಹೋಳಿಗೆಯೇ ಅದು. ಅವರ ಸಂತೋಷ ಕಂಡು ಕೋಪಿಸಿಕೊಳ್ಳಲೂ ಆಗಲಿಲ್ಲ. ನಮ್ಮ ಜೊತೆ ಅಲೆದ ಹುಡುಗರು ಒಬ್ಬೊಬ್ಬರಾಗಿ ದೊಡ್ಡಪ್ಪನ ಜಗುಲಿಯಲ್ಲಿ ಕಾಣತೊಡಗಿದರು.

ರಜೆಗೆ ಹೋದಾಗ ಅಪ್ಪ ಕೇಳಿದರು: “ನಿಮ್ಮೂರಾಗ ಯಾರು ಆರಿಸಿ ಬಂದಾರವ್ವಾ?” ಅವರು ಕೇಳಿದ್ದು ಬೆಂಗಳೂರಿನ ಬಗ್ಗೆ. ತಿರುಗಿ ಬಂದಾಗ ವೆಂಕಟಮ್ಮ ಬಾಗಿಲಲ್ಲೇ ಕೇಳಿದರು: “ನಿಮ್ಮೂರಲ್ಲಿ ಎಲ್ಲಾ ಚೆನ್ನಾಗವ್ರಾ ಟೀಚರಮ್ಮ?” ಇಬ್ಬರಿಗೂ ಉತ್ತರ ಕೊಟ್ಟೆ. ‘ನಮ್ಮೂರಲ್ಲಿ’ ಎಂಬ ಮಾತು ಮಾತ್ರ ಎರಡು ಕಡೆಯೂ ಬಾಯಿಗೆ ಬರಲಿಲ್ಲ.