ನಂಜಮ್ಮ ತೋರಿಸಿದ ಜಾಗ

೧೯೬೧ರಲ್ಲಿ ನಾನು ಸರ್ವೇಯರ್. ಜಯನಗರದ ಬಡಾವಣೆ ಬನಶಂಕರಿ ಕಡೆಗೆ ಚಾಚಿಕೊಳ್ಳುತ್ತಿತ್ತು. ರಾಗಿ ಹೊಲಗಳನ್ನು ಅಳೆದು ರಸ್ತೆಗೆ ಗೂಟ ಹೊಡೆಸುವುದು ನನ್ನ ಕೆಲಸ. ಓದಿದ್ದು ತತ್ತ್ವಶಾಸ್ತ್ರ. ಬಣ್ಣ, ರುಚಿ, ವಾಸನೆ ಎಲ್ಲ ಗುಣಗಳು, ಅವನ್ನು ಹೊತ್ತು ನಿಂತಿರುವುದು ದ್ರವ್ಯ, ಅದು ಕಣ್ಣಿಗೆ ಬೀಳುವುದಿಲ್ಲ ಎಂದು ಉರುಹೊಡೆದು ಬಿ.ಎ. ಪಾಸಾದವನಿಗೆ ಸಿಕ್ಕಿದ್ದು ಬಿಸಿಲಲ್ಲಿ ಅಳತೆಯ ಸರಪಳಿ ಎಳೆಸುವ ನೌಕರಿ!

ಬುಲ್ಡೋಜರ್ ಓಡಿದ ಮೇಲೆ ಬದು, ಬಾವಿ ಎಲ್ಲ ಹೋಗಿ ಹೊಲಗಳು ಒಂದೇ ಕೆಂಪು ಬಯಲಾಗಿದ್ದವು. ಹೋದರೇನು? ಗುಣಗಳು ಅಳಿದರೂ ದ್ರವ್ಯ ನನ್ನ ಟಿಪ್ಪಣಿಯಲ್ಲಿದೆ ಎಂದು ಜಂಬಪಡುತ್ತಿದ್ದೆ. ಟಿಪ್ಪಣಿ ಎಂದರೆ ಹೊಲದ ಅಳತೆ ಬರೆದಿಟ್ಟ ನಕ್ಷೆ.

ಒಂದು ದಿನ ನಂಜಮ್ಮ ಎಂಬ ಮುದುಕಿ ಬಂದರು. ಆ ಕಡೆಯ ರೂಢಿಯಂತೆ ಗಂಡನನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡಿದ್ದರು. ಮೇಲಿನ ಕಲ್ಲು ಬುಲ್ಡೋಜರಿಗೆ ಸಿಕ್ಕು ಹೋಗಿತ್ತು. ಮಾರನೆಯ ದಿನ ಅಲ್ಲಿ ರಸ್ತೆ. ಅಷ್ಟರೊಳಗೆ ಮೂಳೆ ತೆಗೆದು ಉತ್ತರಹಳ್ಳಿಯ ತಮ್ಮನ ಹೊಲದಲ್ಲಿ ಹೂಳಬೇಕು ಎಂದು ಕೈಮುಗಿದರು. ಎಂಜಿನಿಯರ್ ಒಂದೇ ಒಂದು ಗುಂಡಿಗೆ ಒಪ್ಪಿದರು.

ಸಮಾಧಿ ಟಿಪ್ಪಣಿಯಲ್ಲಿತ್ತು: ಉಳಿದಿದ್ದ ಒಂದೇ ಗಡಿಕಲ್ಲಿನಿಂದ ನೇರಕ್ಕೆ ಹದಿನೆಂಟು ಸರಪಳಿ. ಒಂದು ಸರಪಳಿಗೆ ಮೂವತ್ತಮೂರು ಅಡಿ. ಅಳೆದು ಗೂಟ ಹೊಡೆಸಿದೆ.

ನಂಜಮ್ಮ ಗೂಟದ ಪಕ್ಕ ಕೂತು ಬಯಲಿನಾಚೆಯ ಆಲದ ಮರ, ಅದರ ಹಿಂದಿನ ಗುಡ್ಡದ ಬಂಡೆಯ ಕಡೆ ನೋಡಿದರು. ಎದ್ದು ಗಡಿಕಲ್ಲಿನ ಕಡೆಗೆ ಮೂರು ಹೆಜ್ಜೆ ಹಿಂದೆ ಬಂದು ಮತ್ತೆ ಕೂತರು.

“ಇಲ್ಲಿ ಸ್ವಾಮಿ. ದಿನಾ ಇಲ್ಲೇ ಕುಂತಿರ್ತಿದ್ದೆ. ಇಲ್ಲಿಂದ ನೋಡುದ್ರೆ ಆ ಬಂಡೆ ಆಲದ ಮರದ ಹಿಂದೆ ಪೂರಾ ಮರೆಯಾಯ್ತದೆ. ನಿಮ್ ಗೂಟದ ತಾವ ಅರ್ಧ ಕಾಣ್ತದೆ.”

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಮ್ಮಾ. ಕಣ್ಣು ಮೋಸ ಮಾಡುತ್ತೆ, ಸರಪಳಿ ಮಾಡಲ್ಲ,” ಎಂದೆ. ಎಂಥ ಅಹಂಕಾರ!

ಗೂಟದ ಬಳಿಯೇ ಅಗೆಸಿದೆ. ಎದೆಮಟ್ಟ ಅಗೆದರೂ ಬರೀ ಕೆಮ್ಮಣ್ಣು. ನನಗೂ ಸಾಕಾಗಿತ್ತು. “ಇಲ್ಲಿ ಏನೂ ಇಲ್ಲ” ಎಂದು ಬರೆದು ಸಹಿ ಹಾಕಿದೆ. ನಂಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೋದರು.

ಪ್ರತಿದಿನ ಬೆಳಿಗ್ಗೆ ಕಚೇರಿ ವರಾಂಡದಲ್ಲಿ ಕೊರೆದ ಎರಡು ಗುರುತುಗಳ ನಡುವೆ ಸರಪಳಿ ಎಳೆದು ಅಳತೆ ಸರಿಯಿದೆಯೇ ಎಂದು ನೋಡಬೇಕೆಂಬುದು ನಿಯಮ. ದಣಿವು, ಉದಾಸೀನ, ವಾರದಿಂದ ನೋಡಿರಲಿಲ್ಲ. ಮಾರನೆಯ ದಿನ ಎಳೆಸಿದರೆ ನಾಲ್ಕು ಅಂಗುಲ ಉದ್ದ! ಕಲ್ಲುನೆಲದಲ್ಲಿ ಜಗ್ಗಿ ಜಗ್ಗಿ ಸರಪಳಿಯ ಬಳೆಗಳು ಬಾಯಿ ಬಿಟ್ಟಿದ್ದವು. ಹದಿನೆಂಟು ಸರಪಳಿಗೆ ಎಪ್ಪತ್ತೆರಡು ಅಂಗುಲ, ಅಂದರೆ ಸಮಾಧಿ ದಾಟಿ ಆರಡಿ ಮುಂದೆ ಗೂಟ ಹೊಡೆಸಿದ್ದೆ. ಸೈಕಲ್ ತುಳಿದುಕೊಂಡು ಓಡಿದೆ. ಜಲ್ಲಿ ಸುರಿದಾಗಿತ್ತು, ರೋಡ್ ರೋಲರ್ ಅದರ ಮೇಲೆ ಹೋಗಿ ಬರುತ್ತಿತ್ತು. ಎಂಜಿನಿಯರ್ ನಿಲ್ಲಿಸಲು ಒಪ್ಪಲಿಲ್ಲ. ನನ್ನದೇ ಸಹಿ ತೋರಿಸಿದರು.

ನಂಜಮ್ಮನ ಮನೆ ಹುಡುಕಿಕೊಂಡು ಹೋಗಿ ಹೇಳಿದೆ: “ಅಮ್ಮಾ, ನೀವು ತೋರಿಸಿದ್ದೇ ಸರಿಯಾದ ಜಾಗ. ತಪ್ಪು ನನ್ನದು.”

ಅವರು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. “ನಂಗೆ ಗೊತ್ತಿತ್ತಲ್ಲ ಸ್ವಾಮಿ,” ಎಂದರು. “ನಿಮ್ಗೆ ಗೊತ್ತಾಗ್ಬೇಕಿತ್ತು, ನೆನ್ನೆ.”

ಆಮೇಲೆ ಇಪ್ಪತ್ತು ವರ್ಷ ಅಳೆದೆ. ಕಾಣಲಿಲ್ಲ ಎಂದು ಎಷ್ಟೋ ಬಾರಿ ಬರೆದಿದ್ದೇನೆ. ಇಲ್ಲ ಎಂದು ಮತ್ತೆ ಬರೆದಿಲ್ಲ.